ಬಿಸಿಲಿಗಿಟ್ಟ ಸೆಲ್ಲಿನಿಂದ ಮರುಪೂರಣ ಕೋಶದವರೆಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಹಳ್ಳಿಗಳಲ್ಲಿ ‘ಬ್ಯಾಟ್ರಿ’ ಎಂದರೆ ಟಾರ್ಚ್. ಅದರೊಳಗೆ ಹಾಕುವುದು ‘ಸೆಲ್ಲು’. ‘ಎರಡು ಸೆಲ್ಲಿನ ಬ್ಯಾಟ್ರಿ’, ‘ಮೂರು ಸೆಲ್ಲಿನ ಬ್ಯಾಟ್ರಿ’ ಎಂದೇ ಅಂಗಡಿಯಲ್ಲಿ ಕೇಳುವುದು ರೂಢಿ. ಈ ಆಡುಮಾತು ವಿಜ್ಞಾನದ ಪರಿಭಾಷೆಯಿಂದ ತೀರ ದೂರವೇನಿಲ್ಲ. ರಾಸಾಯನಿಕ ಶಕ್ತಿಯನ್ನು ವಿದ್ಯುತ್ತಾಗಿ ಮಾರ್ಪಡಿಸುವ ಒಂದು ಘಟಕ ಕೋಶ. ಅಂಥ ಹಲವು ಕೋಶಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿದಾಗ ಆಗುವುದು ಬ್ಯಾಟರಿ.

ಟಾರ್ಚಿನ ಬೆಳಕು ಮಂಕಾದಾಗ ಸೆಲ್ಲುಗಳನ್ನು ಹೊರತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಡುವುದು ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಸಂಜೆ ಅವನ್ನು ಮತ್ತೆ ಹಾಕಿದರೆ ದೀಪ ಸ್ವಲ್ಪ ಹೊತ್ತು ಚೆನ್ನಾಗಿಯೇ ಉರಿಯುತ್ತದೆ. ಹಾಗಾದರೆ ಬಿಸಿಲಿನಿಂದ ಸೆಲ್ಲು ಮತ್ತೆ ತುಂಬಿಕೊಂಡಿತೆ? ಬಹಳಷ್ಟು ವಿದ್ಯಾರ್ಥಿಗಳು ಹೌದು ಎಂದೇ ಉತ್ತರಿಸುತ್ತಾರೆ. ಸರಿಯಾದ ಉತ್ತರ ಬೇಕಾದರೆ ಕೋಶಗಳ ಚರಿತ್ರೆಯನ್ನು ಒಮ್ಮೆ ನೋಡಬೇಕು. ಇಂದು ಮನೆಗೆ ಯಾವ ಬ್ಯಾಟರಿ ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಬಾಳಿಸಬೇಕು ಎಂಬುದಕ್ಕೂ ಅದೇ ಚರಿತ್ರೆಯಲ್ಲಿ ಉತ್ತರವಿದೆ.

ಬಿಸಿಲಿನಲ್ಲಿ ನಡೆಯುವುದೇನು?

ಟಾರ್ಚಿನ ಸಾಮಾನ್ಯ ಶುಷ್ಕಕೋಶದ ಮೂಲಪುರುಷ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ. ಆತ 1866ರಲ್ಲಿ ರೂಪಿಸಿದ ಕೋಶದಲ್ಲಿ ಸತು ಋಣ ವಿದ್ಯುದ್ವಾರ. ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಪುಡಿಯಿಂದ ಸುತ್ತುವರಿದ ಇಂಗಾಲದ ಕಡ್ಡಿ ಧನ ವಿದ್ಯುದ್ವಾರ. ಎರಡರ ನಡುವೆ ಅಮೋನಿಯಂ ಕ್ಲೋರೈಡಿನ ದ್ರಾವಣ. ಗಾಜಿನ ಜಾಡಿಯಲ್ಲಿದ್ದ ಆ ದ್ರಾವಣವನ್ನು ಜರ್ಮನಿಯ ಕಾರ್ಲ್ ಗಾಸ್ನರ್ 1886ರಲ್ಲಿ ಗಟ್ಟಿ ಸರಿಯ ರೂಪಕ್ಕೆ ತಂದು, ಸತುವಿನ ಡಬ್ಬಿಯಲ್ಲೇ ತುಂಬಿದ. ಚೆಲ್ಲದ, ಹೇಗೆ ಹಿಡಿದರೂ ಕೆಲಸ ಮಾಡುವ ‘ಒಣ’ ಕೋಶ ಹೀಗೆ ಬಂತು. ಇಂಥ ಕೋಶಗಳನ್ನು ಕೊಳವೆಯಲ್ಲಿ ಸಾಲಾಗಿಟ್ಟು ಉರಿಸುವ ಕೈದೀಪಕ್ಕೆ 1899ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು.

ಕೋಶ ಬಳಕೆಯಾದಂತೆ ಸತು ಉತ್ಕರ್ಷಣ ಹೊಂದಿ ಕರಗುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಅಪಕರ್ಷಣ ಹೊಂದುತ್ತದೆ. ಕ್ರಿಯೆಯಿಂದ ಹುಟ್ಟಿದ ವಸ್ತುಗಳು ವಿದ್ಯುದ್ವಾರಗಳ ಹತ್ತಿರ ಗುಂಪುಗೂಡಿ ಅಯಾನುಗಳ ಓಡಾಟಕ್ಕೆ ಅಡ್ಡಿಯಾಗುತ್ತವೆ. ಆಗ ಕೋಶದ ಆಂತರಿಕ ರೋಧ ಹೆಚ್ಚಿ, ದೀಪ ಮಂಕಾಗುತ್ತದೆ. ಕೋಶಕ್ಕೆ ವಿಶ್ರಾಂತಿ ಕೊಟ್ಟರೆ ಈ ವಸ್ತುಗಳು ನಿಧಾನವಾಗಿ ಹರಡಿಕೊಳ್ಳುತ್ತವೆ. ಬಿಸಿಲಿನ ಶಾಖವು ಆ ಹರಡುವಿಕೆಯನ್ನೂ ರಾಸಾಯನಿಕ ಕ್ರಿಯೆಯನ್ನೂ ಚುರುಕುಗೊಳಿಸುತ್ತದೆ. ಒಳಗೆ ಇನ್ನೂ ಬಳಕೆಯಾಗದೆ ಉಳಿದಿದ್ದ ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್ ಆಗ ಕೆಲಸಕ್ಕೆ ಬರುತ್ತವೆ. ಒಮ್ಮೆ ಅರೆದ ಕಬ್ಬಿನ ಸಿಪ್ಪೆಯನ್ನು ಮತ್ತೊಮ್ಮೆ ಗಾಣಕ್ಕೆ ಕೊಟ್ಟ ಹಾಗೆ ಇದು. ಉಳಿದ ರಸ ಬಂದೀತು, ಹೊಸ ರಸ ಹುಟ್ಟದು.

ಈ ಕೋಶಕ್ಕೆ ಹೊರಗಿನಿಂದ ವಿದ್ಯುತ್ತು ಹಾಯಿಸಿದರೂ ಪ್ರಯೋಜನವಿಲ್ಲ. ಕರಗಿದ ಸತು ಮೊದಲಿದ್ದ ಜಾಗಕ್ಕೆ ಸಮನಾಗಿ ಮರಳದೆ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಮ್ಯಾಂಗನೀಸ್ ಸಂಯುಕ್ತದ ರಚನೆ ಪೂರ್ಣವಾಗಿ ಹಿಂದಿರುಗುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಅನಿಲ ತುಂಬಿ ಕೋಶ ಸೋರಬಹುದು, ಸಿಡಿಯಲೂಬಹುದು. ಹೀಗೆ ಕ್ರಿಯೆ ಒಂದೇ ದಿಕ್ಕಿನಲ್ಲಿ ನಡೆಯುವ ಕೋಶ ಪ್ರಾಥಮಿಕ ಕೋಶ. ಎರಡೂ ದಿಕ್ಕಿನಲ್ಲಿ ನಡೆಯುವಂಥದು ದ್ವಿತೀಯಕ ಕೋಶ, ಅಂದರೆ ಮರುಪೂರಣ ಮಾಡಬಹುದಾದ ಕೋಶ.

ಮೊದಲು ಹುಟ್ಟಿದ್ದು ಮರುಪೂರಣ ಕೋಶ

ಬಳಸಿ ಎಸೆಯುವ ಸೆಲ್ಲು ಹಳೆಯದು, ಚಾರ್ಜ್ ಮಾಡುವ ಸೆಲ್ಲು ಹೊಸದು ಎಂದು ನಾವು ಭಾವಿಸುತ್ತೇವೆ. ವಾಸ್ತವ ಬೇರೆ. ಇಟಲಿಯ ವೋಲ್ಟಾ 1800ರಲ್ಲಿ ತನ್ನ ಲೋಹದ ಬಿಲ್ಲೆಗಳ ಕಂಬವನ್ನು ಪ್ರಕಟಿಸಿದ ಮೇಲೆ ಹಲವು ಬಗೆಯ ಪ್ರಾಥಮಿಕ ಕೋಶಗಳು ಬಂದವು, ನಿಜ. ಆದರೆ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸ-ಆಮ್ಲ ಕೋಶವನ್ನು ರಚಿಸಿದ್ದು 1859ರಲ್ಲಿ. ಲೆಕ್ಲಾಂಶೆಯ ಕೋಶಕ್ಕಿಂತ ಏಳು ವರ್ಷ ಮೊದಲು, ಟಾರ್ಚ್ ಬರುವುದಕ್ಕಿಂತ ನಲವತ್ತು ವರ್ಷ ಮೊದಲು.

ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ ಸಾರರಿಕ್ತ ಗಂಧಕಾಮ್ಲದಲ್ಲಿ ಮುಳುಗಿಸಿದ್ದ. ಚಾರ್ಜ್ ಮಾಡಿದಾಗ ಒಂದು ಹಾಳೆಯ ಮೇಲೆ ಸೀಸದ ಡೈಆಕ್ಸೈಡ್ ಉಂಟಾಗುತ್ತದೆ, ಇನ್ನೊಂದು ಶುದ್ಧ ಸೀಸವಾಗಿ ಉಳಿಯುತ್ತದೆ. ಬಳಸುವಾಗ ಎರಡರ ಮೇಲೂ ಸೀಸದ ಸಲ್ಫೇಟ್ ಬೆಳೆಯುತ್ತದೆ. ಮತ್ತೆ ಚಾರ್ಜ್ ಮಾಡಿದರೆ ಮೊದಲಿನ ಸ್ಥಿತಿ. ಪ್ರತಿ ಕೋಶದ ವಿಭವಾಂತರ ಸುಮಾರು 2 ವೋಲ್ಟ್.

ಇಷ್ಟು ಉಪಯುಕ್ತ ಕೋಶ ಕೂಡಲೇ ಬಳಕೆಗೆ ಬರಲಿಲ್ಲ. ಅದನ್ನು ತುಂಬಲು ವಿದ್ಯುತ್ತು ಎಲ್ಲಿತ್ತು? ಪ್ಲಾಂಟೆ ಸ್ವತಃ ತನ್ನ ಕೋಶವನ್ನು ಚಾರ್ಜ್ ಮಾಡಿದ್ದು ಬುನ್ಸನ್ ಮಾದರಿಯ ಪ್ರಾಥಮಿಕ ಕೋಶಗಳಿಂದ! 1870ರ ದಶಕದಲ್ಲಿ ಡೈನಮೊ ಬಳಕೆಗೆ ಬಂತು. 1881ರಲ್ಲಿ ಕಮಿಲ್ ಫೋರ್ ಸೀಸದ ಆಕ್ಸೈಡಿನ ಸರಿಯನ್ನು ಫಲಕಗಳಿಗೆ ಬಳಿದು ಕೋಶದ ಧಾರಣ ಸಾಮರ್ಥ್ಯವನ್ನು ಬಹಳ ಹೆಚ್ಚಿಸಿದ. ಆ ಬಳಿಕವೇ ಸೀಸ-ಆಮ್ಲ ಬ್ಯಾಟರಿ ಕಾರ್ಖಾನೆಯ ಸರಕಾಯಿತು.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಮರುಪೂರಣ ಕೋಶ ತಾನಾಗಿ ಶಕ್ತಿಯ ಮೂಲವಲ್ಲ, ಅದು ಕಣಜ. ಕಣಜ ಉಪಯೋಗಕ್ಕೆ ಬರುವುದು ಬೆಳೆ ಇರುವಲ್ಲಿ. ಆದ್ದರಿಂದ ಯಾವ ಊರಿನಲ್ಲೇ ಆಗಲಿ, ಮರುಪೂರಣ ಬ್ಯಾಟರಿಯ ಚರಿತ್ರೆ ಅಲ್ಲಿಗೆ ವಿದ್ಯುತ್ತು ಬಂದ ಚರಿತ್ರೆಯೊಂದಿಗೆ ಹೆಣೆದುಕೊಂಡಿದೆ.

ಕೃಷ್ಣಾ ತೀರದ ರಾತ್ರಿ ಪಾಳಿ

ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ವಿಜಾಪುರ ಜಿಲ್ಲೆಯ ಭಾಗವಾಗಿ ಮೈಸೂರು ರಾಜ್ಯಕ್ಕೆ ಬಂದವು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿವೆ. ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾದದ್ದು 1957ರಲ್ಲಿ. ಹಳ್ಳಿ ಹಳ್ಳಿಗೆ ತಂತಿ ಎಳೆಯಲು ಆಮೇಲೆ ದಶಕಗಳೇ ಹಿಡಿದವು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ತಂತಿ ಇಲ್ಲದ ಊರುಗಳಲ್ಲಿ ರೇಡಿಯೋ ಕೇಳಬೇಕಾದರೆ ಬ್ಯಾಟರಿಯೇ ಗತಿ. ಆಗಿನ ವಾಲ್ವ್ ರೇಡಿಯೋಗಳಿಗೆ ಶುಷ್ಕಕೋಶಗಳ ದೊಡ್ಡ ಕಟ್ಟೋ ಸೀಸ-ಆಮ್ಲ ಬ್ಯಾಟರಿಯೋ ಬೇಕಿತ್ತು. ಸೀಸದ ಬ್ಯಾಟರಿ ಖಾಲಿಯಾದರೆ ವಿದ್ಯುತ್ತಿರುವ ಊರಿಗೆ ಹೊತ್ತೊಯ್ದು ತುಂಬಿಸಿ ತರಬೇಕು. ಟ್ರಾನ್ಸಿಸ್ಟರ್ ಬಂದ ಮೇಲೆ ಕೆಲವೇ ಸೆಲ್ಲುಗಳಲ್ಲಿ ರೇಡಿಯೋ ಹಾಡತೊಡಗಿತು. ಟಾರ್ಚು, ಟ್ರಾನ್ಸಿಸ್ಟರ್ ಎರಡೂ ಸೇರಿ ಬಳಸಿ ಎಸೆಯುವ ಸೆಲ್ಲನ್ನು ಪ್ರತಿ ಕಿರಾಣಿ ಅಂಗಡಿಗೂ ತಂದವು.

ಮುಂದೆ ನೀರಾವರಿ ಬಂತು. ಕೃಷ್ಣಾ ನದಿಗೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ‘ಶ್ರಮಬಿಂದು ಸಾಗರ’ ಬ್ಯಾರೇಜ್ ಕಟ್ಟಿದ್ದು ನಾಡಿಗೆಲ್ಲ ತಿಳಿದ ಸಂಗತಿ. ನದಿಯಿಂದ ನೀರೆತ್ತಲು ಪಂಪು ಬೇಕು. ಪಂಪಿಗೆ ಮೂರು ಫೇಸಿನ ವಿದ್ಯುತ್ತು ಬೇಕು. ಅದು ಬರುವುದು ಪಾಳಿಯಲ್ಲಿ. ಆ ಪಾಳಿ ಹಲವು ಸಲ ರಾತ್ರಿಯದು. ಕಬ್ಬಿನ ಬೋದಿನಲ್ಲಿ ನಡುರಾತ್ರಿ ನೀರು ಹಾಯಿಸುವವನಿಗೆ ಹಾವು, ಚೇಳು, ತಂತಿ, ಸ್ಟಾರ್ಟರ್ ಪೆಟ್ಟಿಗೆ ಎಲ್ಲವನ್ನೂ ತೋರಿಸುವುದು ಒಂದು ಟಾರ್ಚು. ಆ ಟಾರ್ಚು ನಡುವೆ ಆರಿಹೋಗುವುದು ಬರೀ ಖರ್ಚಿನ ಮಾತಲ್ಲ, ಜೀವದ ಮಾತು.

ವರ್ಷವಿಡೀ ರಾತ್ರಿ ಬಳಸುವ ಟಾರ್ಚಿಗೆ ಎಸೆಯುವ ಸೆಲ್ಲು ದುಬಾರಿ. ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚಿ ಚಾರ್ಜ್ ಮಾಡುವ ಟಾರ್ಚು ಸಂತೆಗೆ ಬಂದಾಗ ಅದನ್ನು ಜನ ಬೇಗ ಒಪ್ಪಿಕೊಂಡರು. ಇದಕ್ಕೆ ಕೋಶದಷ್ಟೇ ಬಿಳಿಯ ಎಲ್.ಇ.ಡಿ. ಕೂಡ ಕಾರಣ. 1990ರ ದಶಕದಲ್ಲಿ ಜಪಾನಿನಲ್ಲಿ ಪ್ರಕಾಶಮಾನವಾದ ನೀಲಿ ಎಲ್.ಇ.ಡಿ. ಸಿದ್ಧವಾದ ಮೇಲೆ ಬಿಳಿಯ ಬೆಳಕಿನ ಎಲ್.ಇ.ಡಿ. ಸಾಧ್ಯವಾಯಿತು. ಹಳೆಯ ತಂತುವಿನ ಬಲ್ಬು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಕಳೆಯುತ್ತಿತ್ತು. ಎಲ್.ಇ.ಡಿ.ಗೆ ಸಣ್ಣ ಬ್ಯಾಟರಿಯೇ ಸಾಕು.

ಪ್ಲಗ್ಗಿನ ಟಾರ್ಚು ಬೇಗ ಸಾಯುವುದೇಕೆ?

ಅಗ್ಗದ ಪ್ಲಗ್ಗಿನ ಟಾರ್ಚುಗಳಲ್ಲಿ ಹೆಚ್ಚಾಗಿ ಇರುವುದು 4 ವೋಲ್ಟಿನ ಮುಚ್ಚಿದ ಸೀಸ-ಆಮ್ಲ ಬ್ಯಾಟರಿ. ಅಂದರೆ ಪ್ಲಾಂಟೆಯ ಕೋಶದ ಎರಡು ಮರಿಗಳು. ‘ತಂದು ವರ್ಷವಾಗಿಲ್ಲ, ಆಗಲೇ ಸತ್ತುಹೋಯಿತು’ ಎಂಬ ದೂರು ಇಂಥ ಟಾರ್ಚಿನ ಬಗ್ಗೆ ಸಾಮಾನ್ಯ. ಇದರಿಂದ ‘ಚಾರ್ಜ್ ಮಾಡುವ ಬ್ಯಾಟರಿಯೇ ಬೇಡ’ ಎಂಬ ತೀರ್ಮಾನಕ್ಕೆ ಬರುವವರೂ ಇದ್ದಾರೆ.

ಕಾರಣ ಎರಡು. ಮೊದಲನೆಯದು ಬಳಕೆಯ ರೀತಿ. ಸೀಸ-ಆಮ್ಲ ಕೋಶವನ್ನು ಖಾಲಿಯಾದ ಸ್ಥಿತಿಯಲ್ಲಿ ಇಟ್ಟುಬಿಟ್ಟರೆ ಫಲಕದ ಮೇಲಿನ ನುಣುಪಾದ ಸೀಸದ ಸಲ್ಫೇಟ್ ನಿಧಾನವಾಗಿ ದಪ್ಪ, ಗಟ್ಟಿ ಹರಳುಗಳಾಗುತ್ತದೆ. ಆ ಹರಳುಗಳನ್ನು ಚಾರ್ಜರಿನ ವಿದ್ಯುತ್ತು ಮತ್ತೆ ಕರಗಿಸಲಾರದು. ಟಾರ್ಚು ಪೂರ್ತಿ ಆರುವವರೆಗೂ ಉರಿಸಿ, ‘ಮುಂದಿನ ವಾರ ಬೇಕಾದಾಗ ಚುಚ್ಚಿದರಾಯಿತು’ ಎಂದು ಮೂಲೆಗಿಟ್ಟರೆ ಆಗುವುದು ಇದೇ. ಎರಡನೆಯದು ಚಾರ್ಜರಿನ ಕೊರತೆ. ಅಗ್ಗದ ಟಾರ್ಚುಗಳಲ್ಲಿ ಬ್ಯಾಟರಿ ತುಂಬಿದ ಮೇಲೆ ಪ್ರವಾಹವನ್ನು ನಿಲ್ಲಿಸುವ ವ್ಯವಸ್ಥೆ ಬಹುಮಟ್ಟಿಗೆ ಇರುವುದಿಲ್ಲ. ಎರಡು ದಿನ ಪ್ಲಗ್ಗಿನಲ್ಲೇ ಬಿಟ್ಟರೆ ಒಳಗಿನ ನೀರಿನಂಶ ವಿಭಜನೆಯಾಗಿ ಕೋಶ ಒಣಗುತ್ತದೆ. ಇಂಥ ಟಾರ್ಚನ್ನು ಪ್ಲಗ್ಗಿನಲ್ಲಿದ್ದಾಗ ಬಿಚ್ಚಲೇಬಾರದು. ಹಲವು ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟಿನ ತಂತಿಗೆ ನೇರ ಸಂಪರ್ಕವಿರುತ್ತದೆ.

ಸೀಸದ ಕೋಶಕ್ಕೆ ನಿಯಮ ಸರಳ: ಪೂರ್ತಿ ಆರಿಸಬೇಡಿ, ಬಳಸಿದ ದಿನವೇ ತುಂಬಿ, ತುಂಬಿದ ಮೇಲೆ ಕೀಳಿ, ಬಳಸದಿದ್ದರೂ ತಿಂಗಳಿಗೊಮ್ಮೆ ತುಂಬಿ.

ಕ್ಯಾಡ್ಮಿಯಂ ಏರಿದ್ದು, ಇಳಿದದ್ದು

ಸೀಸ ಭಾರವಾದ ಲೋಹ, ಗಂಧಕಾಮ್ಲ ಅಪಾಯಕಾರಿ. ಬೇರೆ ದಾರಿ ಹುಡುಕಿದ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ನಿಕ್ಕಲ್-ಕ್ಯಾಡ್ಮಿಯಂ ಕೋಶ ರಚಿಸಿದ. ಅದರ ವಿದ್ಯುದ್ವಿಭಾಜ್ಯ ಆಮ್ಲವಲ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. 1947ರಲ್ಲಿ ಅದನ್ನು ಪೂರ್ತಿ ಮುಚ್ಚಿದ ಡಬ್ಬಿಯಲ್ಲಿ ತಯಾರಿಸುವುದು ಸಾಧ್ಯವಾದ ಮೇಲೆ ಟಾರ್ಚಿನ ಸೆಲ್ಲಿನ ಅಳತೆಯಲ್ಲೇ ಮರುಪೂರಣ ಕೋಶ ಸಿಗುವಂತಾಯಿತು.

ಈ ಕೋಶದ ಗಟ್ಟಿತನಕ್ಕೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಉಡಾವಣೆಗೊಂಡ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ದಲ್ಲಿ ಸೌರಫಲಕಗಳೊಂದಿಗೆ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳಿದ್ದವು. ಉಪಗ್ರಹ ಬಿಸಿಲಿನಲ್ಲಿದ್ದಾಗ ಬ್ಯಾಟರಿ ತುಂಬುತ್ತದೆ. ಭೂಮಿಯ ನೆರಳಿಗೆ ಬಂದಾಗ ಅದೇ ಉಪಗ್ರಹವನ್ನು ನಡೆಸುತ್ತದೆ. ಮಾಳಿಗೆಯ ಮೇಲೆ ನಿಜವಾಗಿ ‘ಬಿಸಿಲಿನಿಂದ ತುಂಬಿದ ಸೆಲ್ಲು’ ಬೇಕೆಂದರೆ ದಾರಿ ಇದು: ನಡುವೆ ಸೌರಫಲಕ ಇರಬೇಕು, ಕೋಶ ದ್ವಿತೀಯಕವಾಗಿರಬೇಕು.

ಕ್ಯಾಡ್ಮಿಯಂ ಕೋಶದ ಬಗ್ಗೆ ‘ನೆನಪಿನ ಪರಿಣಾಮ’ ಎಂಬ ಮಾತು ಹುಟ್ಟಿದ್ದೂ ಉಪಗ್ರಹಗಳಿಂದಲೇ. ಪ್ರತಿ ಸುತ್ತಿನಲ್ಲೂ ಕೋಶ ಸರಿಯಾಗಿ ಅಷ್ಟೇ ಪ್ರಮಾಣದಲ್ಲಿ ಖಾಲಿಯಾಗಿ ಮತ್ತೆ ತುಂಬುತ್ತಿದ್ದರೆ, ಕ್ರಮೇಣ ಅದು ಆ ಮಟ್ಟವನ್ನು ದಾಟುವಾಗ ವೋಲ್ಟೇಜ್ ಇಳಿಸುತ್ತಿತ್ತು. ಮನೆಯ ಬಳಕೆ ಅಷ್ಟು ಕರಾರುವಾಕ್ಕಾಗಿರುವುದಿಲ್ಲವಾದ್ದರಿಂದ ಈ ಪರಿಣಾಮ ಅಪರೂಪ. ಆದರೂ ‘ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು’ ಎಂಬ ಸಲಹೆ ಎಲ್ಲ ಬಗೆಯ ಬ್ಯಾಟರಿಗೂ ಅಂಟಿಕೊಂಡಿತು. ಸೀಸದ ಕೋಶಕ್ಕೂ ಲಿಥಿಯಂ ಕೋಶಕ್ಕೂ ಆ ಸಲಹೆ ಹಾನಿಕರ.

ಕ್ಯಾಡ್ಮಿಯಮ್ಮಿನ ನಿಜವಾದ ದೋಷ ವಿಷ. ಜಪಾನಿನ ಜಿನ್ಜು ನದಿಯ ಬಯಲಿನಲ್ಲಿ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳಿಗೆ ಸೇರಿ, ಜನರ ಮೂತ್ರಪಿಂಡ ಮತ್ತು ಮೂಳೆಗಳನ್ನು ಕೆಡಿಸಿತು. ‘ಇಟಾಯ್-ಇಟಾಯ್’ ಎಂಬ ಆ ಕಾಯಿಲೆಗೆ ಕ್ಯಾಡ್ಮಿಯಂ ಕಾರಣವೆಂದು ಜಪಾನ್ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಯೂರೋಪ್ ಒಕ್ಕೂಟ 2006ರಲ್ಲಿ ಕೈಬಳಕೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಮ್ಮಿಗೆ ಕಟ್ಟುನಿಟ್ಟಿನ ಮಿತಿ ಹಾಕಿತು.

ಆ ಜಾಗಕ್ಕೆ ಬಂದದ್ದು ನಿಕ್ಕಲ್-ಮೆಟಲ್ ಹೈಡ್ರೈಡ್ ಕೋಶ. ಕ್ಯಾಡ್ಮಿಯಮ್ಮಿನ ಬದಲು ಹೈಡ್ರೊಜನ್ನನ್ನು ಹೀರಿ ಹಿಡಿದಿಡುವ ಮಿಶ್ರಲೋಹ ಇದರಲ್ಲಿದೆ. 1989ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಈ ಕೋಶಕ್ಕೆ ಧಾರಣ ಸಾಮರ್ಥ್ಯ ಹೆಚ್ಚು. ಆದರೆ ಸುಮ್ಮನೆ ಇಟ್ಟರೂ ತಿಂಗಳಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಚಾರ್ಜ್ ಸೋರಿಹೋಗುತ್ತಿತ್ತು. ಈ ಸ್ವಯಂ ವಿಸರ್ಜನೆಯನ್ನು ಬಹಳವಾಗಿ ತಗ್ಗಿಸಿದ ಕೋಶಗಳು 2005ರಲ್ಲಿ ಜಪಾನಿನಿಂದ ಬಂದವು. ಇವು ಒಂದು ವರ್ಷದ ನಂತರವೂ ಸುಮಾರು ಮುಕ್ಕಾಲು ಪಾಲು ಚಾರ್ಜ್ ಉಳಿಸಿಕೊಳ್ಳುತ್ತವೆ. ಇಂದು ಮನೆಗೆ ಕೊಳ್ಳುವುದಾದರೆ ಇಂಥ ಕೋಶವನ್ನೇ ಕೇಳಿ ಕೊಳ್ಳಬೇಕು.

ಲಿಥಿಯಂ: ಶಕ್ತಿ ಹೆಚ್ಚು, ಶಿಸ್ತೂ ಹೆಚ್ಚು

ಲಿಥಿಯಂ-ಅಯಾನ್ ಕೋಶ 1991ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ತಳಹದಿ ಹಾಕಿದ ವಿಟಿಂಗ್‌ಹ್ಯಾಮ್, ಗುಡ್‌ಇನಫ್ ಮತ್ತು ಯೋಶಿನೋ ಅವರಿಗೆ 2019ರ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಇದರಲ್ಲಿ ಲಿಥಿಯಂ ಅಯಾನುಗಳು ಒಂದು ವಿದ್ಯುದ್ವಾರದ ಪದರಗಳಿಂದ ಇನ್ನೊಂದರ ಪದರಗಳಿಗೆ ಓಡಾಡುತ್ತವೆ. ಒಂದು ಕೋಶದ ವಿಭವಾಂತರ ಸುಮಾರು 3.7 ವೋಲ್ಟ್, ಅಂದರೆ ನಿಕ್ಕಲ್ ಕೋಶದ ಮೂರು ಪಟ್ಟು. ತೂಕ ಕಡಿಮೆ, ಶಕ್ತಿ ಹೆಚ್ಚು. ಇಂದಿನ ಹಗುರ ಮೊಬೈಲ್ ಫೋನನ್ನು ಸಾಧ್ಯವಾಗಿಸಿದ್ದು ಇದೇ.

ದೋಷವೂ ಅಷ್ಟೇ ದೊಡ್ಡದು. 4.2 ವೋಲ್ಟಿಗಿಂತ ಹೆಚ್ಚು ತುಂಬಿದರೆ, ಚುಚ್ಚಿದರೆ, ಜಜ್ಜಿದರೆ, ಅತಿಯಾಗಿ ಕಾಯಿಸಿದರೆ ಒಳಗಿನ ದಹ್ಯ ದ್ರವ ಹೊತ್ತಿಕೊಳ್ಳಬಹುದು. ಆದ್ದರಿಂದ ಪ್ರತಿ ಲಿಥಿಯಂ ಬ್ಯಾಟರಿಗೂ ಕಾವಲು ಮಂಡಲ ಬೇಕೇ ಬೇಕು. 1997ರಲ್ಲಿ ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಪ್ರಕಟಿಸಿದ ಸಂಶೋಧನೆಯಿಂದ ಬೆಳೆದ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಕೋಶ ಇದಕ್ಕಿಂತ ಶಾಂತ ಸ್ವಭಾವದ್ದು. ಅದರ ವೋಲ್ಟೇಜ್ 3.2, ಶಕ್ತಿ ಸ್ವಲ್ಪ ಕಡಿಮೆ. ಆದರೆ ಶಾಖವನ್ನು ಹೆಚ್ಚು ತಾಳುತ್ತದೆ, ಬಾಳಿಕೆ ದೀರ್ಘ. ಸೌರ ದೀಪಗಳಲ್ಲೂ ಹೊಸ ಇನ್ವರ್ಟರುಗಳಲ್ಲೂ ಅದು ಬಳಕೆಗೆ ಬಂದಿದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಬಯಲುಸೀಮೆಗೆ ಇದು ಗಮನಿಸಬೇಕಾದ ಗುಣ.

ಸೆಲ್ಲನ್ನು ಬಿಸಿಲಿಗಿಡುವ ಹಳೆಯ ರೂಢಿಯನ್ನು ಲಿಥಿಯಂ ಕೋಶಕ್ಕೆ ಎಂದೂ ಅನ್ವಯಿಸಬಾರದು ಎಂಬುದನ್ನು ಶಿಕ್ಷಕರು ಮಕ್ಕಳಿಗೆ ಒತ್ತಿ ಹೇಳಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಬಳಸಬಾರದು, ಚುಚ್ಚಬಾರದು.

ಮಗ್ಗದ ಮನೆಯ ಲೆಕ್ಕ

ರಬಕವಿ-ಬನಹಟ್ಟಿ ನೇಕಾರರ ಊರು. ಕರೆಂಟು ಹೋದಾಗ ಇನ್ವರ್ಟರಿನಿಂದ ದೀಪ, ಫ್ಯಾನು ನಡೆಯುತ್ತವೆ. ಮಗ್ಗ ಏಕೆ ನಡೆಯುವುದಿಲ್ಲ? ಲೆಕ್ಕ ಹಾಕಿ ನೋಡೋಣ. 12 ವೋಲ್ಟ್, 150 ಆಂಪೇರ್-ಗಂಟೆಯ ಬ್ಯಾಟರಿ ಎಂದರೆ ಸಾಮಾನ್ಯವಾಗಿ 7.5 ಆಂಪೇರಿನಂತೆ 20 ಗಂಟೆ ಕೊಡಬಲ್ಲದು ಎಂದರ್ಥ. ದೀಪ, ಫ್ಯಾನು ಸೇರಿ 100 ವಾಟ್ ಆದರೆ ಇನ್ವರ್ಟರಿನ ನಷ್ಟ ಸೇರಿಸಿ ಸುಮಾರು 10 ಆಂಪೇರ್ ಸಾಕು. ವಿದ್ಯುತ್ ಮಗ್ಗದ ಮೋಟಾರು ಒಂದು ಅಶ್ವಶಕ್ತಿ, ಅಂದರೆ 746 ವಾಟ್. ನಷ್ಟಗಳನ್ನು ಸೇರಿಸಿದರೆ ಬ್ಯಾಟರಿಯಿಂದ ಸುಮಾರು 1000 ವಾಟ್, ಅಂದರೆ 83 ಆಂಪೇರ್ ಎಳೆಯಬೇಕು. 150ನ್ನು 83ರಿಂದ ಭಾಗಿಸಿದರೆ 1.8 ಗಂಟೆ ಬರುತ್ತದೆ. ಆದರೆ ಅಷ್ಟೂ ಸಿಗುವುದಿಲ್ಲ. ಹೆಚ್ಚು ಪ್ರವಾಹ ಎಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಆವೇಶ ಕಡಿಮೆಯಾಗುತ್ತದೆ ಎಂದು ಜರ್ಮನಿಯ ಪಾಯ್ಕರ್ಟ್ 1897ರಲ್ಲೇ ತೋರಿಸಿದ್ದ. ದಿನವೂ ಹೀಗೆ ಎಳೆದರೆ ಸೀಸದ ಬ್ಯಾಟರಿ ಬೇಗ ಹಾಳಾಗುತ್ತದೆ. ಕೈಮಗ್ಗದ ಮನೆಗೆ ಬೇಕಾದದ್ದು ಬೆಳಕು ಮಾತ್ರ. ಅದಕ್ಕೆ ಸಣ್ಣ ಬ್ಯಾಟರಿಯೇ ಧಾರಾಳ.

ಯಾವ ಕೆಲಸಕ್ಕೆ ಯಾವ ಕೋಶ?

ಆಯ್ಕೆಗೆ ಮೊದಲು ಕೇಳಬೇಕಾದ ಪ್ರಶ್ನೆ: ಈ ಸಾಧನ ಎಷ್ಟು ಪ್ರವಾಹವನ್ನು, ಎಷ್ಟು ಸಲ ಎಳೆಯುತ್ತದೆ?

ಗೋಡೆ ಗಡಿಯಾರ ಎಳೆಯುವುದು ಮಿಲಿಆಂಪೇರಿನ ಹತ್ತನೇ ಒಂದೆರಡು ಭಾಗ. ಸಾಮಾನ್ಯ ಶುಷ್ಕಕೋಶ ಅದನ್ನು ಒಂದು ವರ್ಷದ ಆಸುಪಾಸು ನಡೆಸುತ್ತದೆ. ಇಲ್ಲಿ ಮರುಪೂರಣ ಕೋಶ ಹಾಕಿದರೆ ಅದರ ಬೆಲೆ ಮರಳುವುದೇ ಇಲ್ಲ. ಟಿ.ವಿ. ರಿಮೋಟಿಗೂ ಇದೇ ಮಾತು.

ದಿನವೂ ಬಳಸುವ ಟಾರ್ಚು, ಮಕ್ಕಳ ಆಟಿಕೆ, ಶಾಲಾ ಸಮಾರಂಭದ ತಂತಿರಹಿತ ಮೈಕು ಇವು ಹೆಚ್ಚು ಪ್ರವಾಹ ಎಳೆಯುತ್ತವೆ. ಇಲ್ಲಿ ನಿಕ್ಕಲ್-ಮೆಟಲ್ ಹೈಡ್ರೈಡ್ ಕೋಶ ಸೂಕ್ತ. ಅದರ ವೋಲ್ಟೇಜ್ 1.5 ಅಲ್ಲ, 1.2 ಎಂದು ಹಿಂಜರಿಯಬೇಕಾಗಿಲ್ಲ. ಶುಷ್ಕಕೋಶ 1.5ರಿಂದ ಆರಂಭಿಸಿ 0.9ರವರೆಗೆ ಇಳಿಯುತ್ತ ಹೋಗುತ್ತದೆ. ನಿಕ್ಕಲ್ ಕೋಶ ಕೊನೆಯವರೆಗೂ ಹೆಚ್ಚುಕಡಿಮೆ 1.2ರಲ್ಲೇ ನಿಲ್ಲುತ್ತದೆ.

ಲಾಭನಷ್ಟವನ್ನು ನಿಮ್ಮೂರ ಅಂಗಡಿಯ ಬೆಲೆಯಲ್ಲೇ ಲೆಕ್ಕ ಹಾಕಬಹುದು. ಎರಡು ಮರುಪೂರಣ ಕೋಶ ಮತ್ತು ಚಾರ್ಜರಿನ ಬೆಲೆ ನಲವತ್ತು ಶುಷ್ಕಕೋಶಗಳ ಬೆಲೆಗೆ ಸಮ ಎಂದಿಟ್ಟುಕೊಳ್ಳಿ. ತಿಂಗಳಿಗೆ ಎರಡು ಸೆಲ್ಲು ತಿನ್ನುವ ಟಾರ್ಚಿನಲ್ಲಿ ಅದು ಇಪ್ಪತ್ತು ತಿಂಗಳಲ್ಲಿ ಮರಳುತ್ತದೆ. ವರ್ಷಕ್ಕೆ ಒಂದು ಸೆಲ್ಲು ತಿನ್ನುವ ಗಡಿಯಾರದಲ್ಲಿ ನಲವತ್ತು ವರ್ಷ ಬೇಕು!

ಬಿಸಾಡುವ ಕೋಶಕ್ಕೂ ಅದರದೇ ಸ್ಥಾನವಿದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರಗಳು ಮನೆಯ ಕರೆಂಟಿನಿಂದ ನಡೆಯುವುದಿಲ್ಲ. ಕ್ಷಾರೀಯ ಪ್ರಾಥಮಿಕ ಕೋಶಗಳ ಪ್ಯಾಕಿನಿಂದ ನಡೆಯುತ್ತವೆ. ಅಪರೂಪಕ್ಕೆ ಬಳಕೆ, ಆ ದಿನ ಕೈಕೊಡಬಾರದು ಎಂಬ ಕಡೆ ಅದೇ ಸರಿಯಾದ ಆಯ್ಕೆ. 2019ರ ಆಗಸ್ಟಿನಲ್ಲಿ ಕೃಷ್ಣಾ ಮತ್ತು ಘಟಪ್ರಭೆ ಉಕ್ಕಿ ಜಮಖಂಡಿ, ಮುಧೋಳ ತಾಲೂಕುಗಳ ನದಿತೀರದ ಜನ ಮನೆ ಬಿಡಬೇಕಾಯಿತು. ಅಂಥ ಸಮಯದಲ್ಲಿ ಚಾರ್ಜ್ ಮಾಡಲು ಕರೆಂಟೇ ಇರುವುದಿಲ್ಲ. ನೆರೆಯ ಭಯವಿರುವ ಊರಿನಲ್ಲಿ ಮರುಪೂರಣ ಟಾರ್ಚಿನ ಜೊತೆಗೆ ಒಂದು ಸಾಮಾನ್ಯ ಟಾರ್ಚು ಮತ್ತು ತೆರೆಯದ ಕ್ಷಾರೀಯ ಸೆಲ್ಲುಗಳನ್ನು ಇಟ್ಟುಕೊಳ್ಳುವುದು ಜಾಣತನ. ಸೆಲ್ಲುಗಳನ್ನು ಟಾರ್ಚಿನೊಳಗೆ ಹಾಕಿಡದೆ ಬೇರೆಯಾಗಿ ಇಡಬೇಕು. ಇಲ್ಲದಿದ್ದರೆ ಸೋರಿ ಟಾರ್ಚು ಕೆಡಬಹುದು.

ಕೊಳ್ಳುವಾಗ ಅಚ್ಚಾದ ಸಂಖ್ಯೆಯನ್ನು ಕುರುಡಾಗಿ ನಂಬಬಾರದು. 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಲಿಥಿಯಂ ಕೋಶದ ಮೇಲೆ 9900 ಮಿಲಿಆಂಪೇರ್-ಗಂಟೆ ಎಂದಿದ್ದರೆ ಅದು ಸುಳ್ಳು. ಆ ಅಳತೆಯ ಉತ್ತಮ ಕೋಶವೂ 4000ದ ಆಸುಪಾಸನ್ನು ದಾಟುವುದಿಲ್ಲ. ದೊಡ್ಡ ಟಾರ್ಚಿನ ಅಳತೆಯ ಮರುಪೂರಣ ಸೆಲ್ಲು ಕೈಗೆ ತೀರ ಹಗುರವೆನಿಸಿದರೆ ದೊಡ್ಡ ಡಬ್ಬಿಯೊಳಗೆ ಸಣ್ಣ ಕೋಶ ಕುಳಿತಿರಬಹುದು. ಭಾರತೀಯ ಮಾನಕ ಐ.ಎಸ್. 16046ರ ಗುರುತು ಇದೆಯೇ ಎಂದು ನೋಡಿ.

ಬಳಸುವಾಗ

ನಿಕ್ಕಲ್ ಕೋಶವನ್ನು ನಿಧಾನವಾಗಿ ತುಂಬುವ ಲೆಕ್ಕ ಹೀಗಿದೆ: ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ಪ್ರವಾಹ, ಸುಮಾರು 15 ಗಂಟೆ. ಅಂದರೆ 2000 ಮಿಲಿಆಂಪೇರ್-ಗಂಟೆಯ ಕೋಶಕ್ಕೆ 200 ಮಿಲಿಆಂಪೇರ್. ಹತ್ತು ಗಂಟೆ ಏಕೆ ಸಾಲದು? ಕೊಟ್ಟ ವಿದ್ಯುತ್ತೆಲ್ಲ ಸಂಗ್ರಹವಾಗದೆ ಒಂದು ಪಾಲು ಶಾಖವಾಗಿ ಹೋಗುವುದರಿಂದ. ತುಂಬಿದಾಗ ತಾನಾಗಿ ನಿಲ್ಲುವ, ಪ್ರತಿ ಕೋಶವನ್ನು ಬೇರೆಯಾಗಿ ಗಮನಿಸುವ ಚಾರ್ಜರ್ ಉತ್ತಮ.

ಹಳೆಯ ಮತ್ತು ಹೊಸ ಕೋಶ, ಬೇರೆ ಬೇರೆ ಬಗೆಯ ಕೋಶ ಒಟ್ಟಿಗೆ ಹಾಕಬಾರದು. ಸಾಲಿನಲ್ಲಿ ದುರ್ಬಲ ಕೋಶ ಮೊದಲು ಖಾಲಿಯಾಗುತ್ತದೆ. ಉಳಿದವು ಅದರ ಮೂಲಕ ಪ್ರವಾಹ ಹಾಯಿಸುತ್ತಲೇ ಇದ್ದು ಅದರ ಧ್ರುವಗಳನ್ನು ತಿರುಗುಮುರುಗು ಮಾಡುತ್ತವೆ. ಒಮ್ಮೆ ಹಾಗಾದ ಕೋಶ ಚೇತರಿಸಿಕೊಳ್ಳುವುದು ಕಷ್ಟ. ಟಾರ್ಚು ಮಂಕಾದ ಕೂಡಲೇ ಆರಿಸಬೇಕು. ಲಿಥಿಯಂ ಸಾಧನವನ್ನು ಬಹುದಿನ ಬಳಸದೆ ಇಡುವುದಾದರೆ ಅರ್ಧದಷ್ಟು ತುಂಬಿ ತಂಪಾದ ಜಾಗದಲ್ಲಿಡಿ.

ಸತ್ತ ಕೋಶಗಳನ್ನು ತಿಪ್ಪೆಗೆ ಎಸೆದರೆ ಅದು ಗೊಬ್ಬರದೊಂದಿಗೆ ಹೊಲಕ್ಕೇ ಬರುತ್ತದೆ. ಸೀಸ-ಆಮ್ಲ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ನಿಯಮ ನಮ್ಮ ದೇಶದಲ್ಲಿ 2001ರಲ್ಲೇ ಬಂತು. ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಆಗಸ್ಟಿನಲ್ಲಿ ಜಾರಿಗೆ ಬಂದು, ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದವು. ಇನ್ವರ್ಟರ್ ಬ್ಯಾಟರಿಗೆ ಹಳೆಯದರ ಬೆಲೆ ಸಿಗುವುದರಿಂದ ಅದು ಅಂಗಡಿಗೆ ಮರಳುತ್ತದೆ. ಟಾರ್ಚಿನೊಳಗಿನ ಅಂಗೈಯಗಲದ ಸೀಸದ ಬ್ಯಾಟರಿ ಮಾತ್ರ ಮರಳುವುದಿಲ್ಲ. ಶಾಲೆಯಲ್ಲೊಂದು ಡಬ್ಬಿಯಿಟ್ಟು, ಕೋಶಗಳ ತುದಿಗೆ ಟೇಪು ಅಂಟಿಸಿ ಸಂಗ್ರಹಿಸಿ, ಇ-ತ್ಯಾಜ್ಯ ಪಡೆಯುವವರಿಗೆ ತಲುಪಿಸುವುದು ವಿಜ್ಞಾನ ಸಂಘ ಮಾಡಬಹುದಾದ ಕೆಲಸ.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ದಿನ ಕೊಂಡ, ಒಂದೇ ಬಗೆಯ ಮೂರು ಸಾಮಾನ್ಯ ಶುಷ್ಕಕೋಶಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ 10 ಓಮ್, ಅರ್ಧ ವಾಟ್ ರೋಧಕ ಜೋಡಿಸಿ, ಮಲ್ಟಿಮೀಟರಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದುಕೊಳ್ಳಿ. 0.9 ವೋಲ್ಟಿಗೆ ಇಳಿದ ಕೂಡಲೇ ರೋಧಕ ತೆಗೆಯಿರಿ. ಮೊದಲನೆಯದಕ್ಕೆ ಐದು ನಿಮಿಷ ಮಾತ್ರ ಬಿಡುವು ಕೊಟ್ಟು ಮತ್ತೆ ರೋಧಕ ಜೋಡಿಸಿ. ಎರಡನೆಯದನ್ನು ನಾಲ್ಕು ಗಂಟೆ ನೆರಳಿನಲ್ಲಿ, ಮೂರನೆಯದನ್ನು ನಾಲ್ಕು ಗಂಟೆ ಬಿಸಿಲಿನಲ್ಲಿಟ್ಟು ಆಮೇಲೆ ಜೋಡಿಸಿ. ಮತ್ತೆ 0.9ಕ್ಕೆ ಇಳಿಯಲು ಯಾವುದು ಎಷ್ಟು ನಿಮಿಷ ತೆಗೆದುಕೊಂಡಿತು? ಮೊದಲನೆಯ ಮತ್ತು ಎರಡನೆಯ ಕೋಶಗಳ ವ್ಯತ್ಯಾಸ ವಿಶ್ರಾಂತಿಯ ಪಾಲು. ಎರಡನೆಯ ಮತ್ತು ಮೂರನೆಯ ಕೋಶಗಳ ವ್ಯತ್ಯಾಸ ಶಾಖದ ಪಾಲು. ಮುಂದಿನ ವಾರ ಒಂದು ನಿಕ್ಕಲ್-ಮೆಟಲ್ ಹೈಡ್ರೈಡ್ ಕೋಶವನ್ನು ಇದೇ ರೀತಿ ಪರೀಕ್ಷಿಸಿ, ಆದರೆ 1.0 ವೋಲ್ಟಿಗೆ ನಿಲ್ಲಿಸಿ. ಚಾರ್ಜರಿನಲ್ಲಿಟ್ಟು ತುಂಬಿ ಮತ್ತೆ ಪರೀಕ್ಷಿಸಿ. ಎಲ್ಲವನ್ನೂ ಒಂದೇ ನಕ್ಷೆಯ ಹಾಳೆಯ ಮೇಲೆ ಗುರುತಿಸಿದರೆ ಉಳಿದದ್ದನ್ನು ಹಿಂಡುವುದಕ್ಕೂ ಮತ್ತೆ ತುಂಬುವುದಕ್ಕೂ ಇರುವ ಅಂತರ ಮಕ್ಕಳ ಕಣ್ಣಿಗೇ ಕಾಣುತ್ತದೆ.